ಕೋಳಿ ಬುಟ್ಟಿ ಬಿಟ್ಟು ಏಳುತ್ತಿಲ್ಲ, ಕಾವಿಗೆ ಕೂತಿದೆಯೋ ಹುಷಾರಿಲ್ಲವೋ?

ಹಿತ್ತಿಲಮನೆ, ರಾಮನಗರ ಕಡೆ

ಎಲ್ಲರಿಗೂ ನಮಸ್ಕಾರ. ಕೋಳಿ ಸಾಕಿ ಗೊತ್ತಿರುವವರು ಸ್ವಲ್ಪ ಹೇಳಿ. ನಮ್ಮ ಹಿತ್ತಿಲಲ್ಲಿ ಮೂರು ನಾಟಿ ಹೇಂಟೆ, ಒಂದು ಗಿರಿರಾಜ ಹೇಂಟೆ, ಒಂದು ನಾಟಿ ಹುಂಜ ಇವೆ. ಮನೆಗೆ ಮೊಟ್ಟೆ ಆಗಲಿ ಅಂತ ಸಾಕಿದ್ದು, ಮರಿ ಮಾಡಿಸಿ ಅಭ್ಯಾಸ ಇಲ್ಲ. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಬಿದಿರು ಬುಟ್ಟಿಗೆ ಹುಲ್ಲು ಹಾಕಿ ಇಟ್ಟಿದ್ದೇವೆ, ಎಲ್ಲವೂ ಅದರಲ್ಲೇ ಮೊಟ್ಟೆ ಇಡುತ್ತವೆ.

ಈಗ ಕಂದು ಬಣ್ಣದ ನಾಟಿ ಹೇಂಟೆ ಒಂದು ಬುಟ್ಟಿ ಬಿಟ್ಟು ಏಳುತ್ತಲೇ ಇಲ್ಲ. ಬೆಳಿಗ್ಗೆ ಹೋದರೂ ಅಲ್ಲೇ, ಮಧ್ಯಾಹ್ನ ಹೋದರೂ ಅಲ್ಲೇ. ಕಾಳು ಎರಚಿದರೆ ಎಲ್ಲಕ್ಕಿಂತ ಮೊದಲು ಓಡಿ ಬರುತ್ತಿದ್ದ ಕೋಳಿ ಇದು, ಈಗ ತಲೆ ಎತ್ತಿ ನೋಡುವುದೂ ಇಲ್ಲ. ಮೊಟ್ಟೆಯನ್ನೂ ನಿಲ್ಲಿಸಿದೆ. ಜುಟ್ಟು ಮೊದಲಿನಷ್ಟು ಕೆಂಪಗಿಲ್ಲ, ಸ್ವಲ್ಪ ಬಿಳಿಚಿಕೊಂಡಿದೆ ಅನ್ನಿಸುತ್ತದೆ. ಅತ್ತೆ ಹೇಳುತ್ತಾರೆ ಕಾವು ಬಂದಿದೆ ಅಂತ. ಪಕ್ಕದ ಮನೆಯವರು ನೋಡಿ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡಿರಬೇಕು, ಬೇಗ ಏನಾದರೂ ಮಾಡಿ ಅಂತ ಹೆದರಿಸಿ ಹೋದರು. ಎರಡರಲ್ಲಿ ಯಾವುದು ಅಂತ ಹೇಗೆ ತಿಳಿಯುವುದು? ಕಾವೇ ಆದರೆ ಮರಿ ಮಾಡಿಸುವ ಆಸೆ ನನಗಿದೆ. ಆದರೆ ಹುಷಾರಿಲ್ಲದ ಕೋಳಿಯನ್ನು ಕಾವಿಗೆ ಕೂತಿದೆ ಅಂತ ಸುಮ್ನೆ ಬಿಟ್ಟು ಅದು ಸತ್ತರೆ ಅನ್ನುವ ಭಯವೂ ಇದೆ.

ಕೊಪ್ಪದ ಅಕ್ಕ

ತಂಗೀ, ನೀವು ಬರೆದದ್ದು ಓದಿದರೆ ನೂರಕ್ಕೆ ತೊಂಬತ್ತು ಪಾಲು ಕಾವು ಅಂತಲೇ ಅನ್ನಿಸುತ್ತದೆ. ಆದರೂ ಹಗಲು ನೋಡಿ ತೀರ್ಮಾನ ಮಾಡಬೇಡಿ. ಹಗಲು ಹೊತ್ತು ಕೋಳಿ ಬುಟ್ಟಿಯಲ್ಲಿ ಕೂರುವುದಕ್ಕೆ ಬೇಕಾದಷ್ಟು ಕಾರಣ ಇರುತ್ತವೆ. ಮೊಟ್ಟೆ ಇಡಲು ಕೂರುತ್ತದೆ, ಕೆಲವು ಕೋಳಿ ಒಂದೆರಡು ಗಂಟೆ ಕೂತೇ ಇಡುತ್ತವೆ. ಬಿಸಿಲಿಗೆ ತಂಪು ಅಂತ ಕೂರುತ್ತದೆ. ಬೇರೆ ಕೋಳಿ ಕುಕ್ಕುತ್ತಿದ್ದರೆ ಅಡಗಿಕೊಳ್ಳಲು ಹೋಗಿ ಕೂರುತ್ತದೆ. ರಾತ್ರಿ ನೋಡಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಉಳಿದವು ಗಳದ ಮೇಲೆ ಹತ್ತಿ ಕೂತು ಇದೊಂದು ಮಾತ್ರ ಬುಟ್ಟಿಯಲ್ಲೇ ಉಳಿದಿದ್ದರೆ, ಅದೂ ಒಂದು ರಾತ್ರಿ ಅಲ್ಲ, ಎರಡು ಮೂರು ರಾತ್ರಿ ಸಾಲಾಗಿ ಹಾಗೇ ಇದ್ದರೆ, ಅದು ಕಾವು. ಮೊಟ್ಟೆ ಇಡುವುದಕ್ಕೆ ಮಾತ್ರ ಬುಟ್ಟಿಗೆ ಹೋಗುವ ಕೋಳಿ ಕತ್ತಲಾದರೆ ಗಳಕ್ಕೆ ವಾಪಸ್ ಬರುತ್ತದೆ.

ಆಮೇಲೆ ಕೈ ಹತ್ತಿರ ತೆಗೆದುಕೊಂಡು ಹೋಗಿ ನೋಡಿ. ಕಾವಿನ ಕೋಳಿ ಎದ್ದು ಓಡುವುದಿಲ್ಲ. ಮೈಯ ಗರಿಯನ್ನೆಲ್ಲಾ ಉಬ್ಬಿಸಿ, ರೆಕ್ಕೆ ಎರಡೂ ಕಡೆ ಬಿಟ್ಟು, ಮೊರದ ಹಾಗೆ ಅಗಲ ಆಗಿ ಬುಟ್ಟಿ ತುಂಬಾ ಹರಡಿಕೊಳ್ಳುತ್ತದೆ. ಗಂಟಲಿಂದ ಗುರ್ರ್ ಅಂತ ಒಂದು ಸ್ವರ ತೆಗೆಯುತ್ತದೆ, ಇನ್ನೂ ಹತ್ತಿರ ಹೋದರೆ ಕುಕ್ಕುತ್ತದೆ. ಮೆತ್ತಗಿನ ಸ್ವಭಾವದ ಕೋಳಿ ಕೂಡ ಕುಕ್ಕುತ್ತದೆ, ಆದ್ದರಿಂದ ಕೈಗೆ ಒಂದು ಬಟ್ಟೆ ಸುತ್ತಿಕೊಳ್ಳಿ. ಹಾಗೇ ಕೈಯನ್ನು ಹೊಟ್ಟೆ ಕೆಳಗೆ ತೂರಿಸಿ. ಎದೆ ಹೊಟ್ಟೆ ಭಾಗದಲ್ಲಿ ಗರಿ ಉದುರಿ ಬರೀ ಚರ್ಮ ಕೈಗೆ ಸಿಗುತ್ತದೆ, ಅದು ಬಿಸಿ ಬಿಸಿ ಇರುತ್ತದೆ. ಮೊಟ್ಟೆಗೆ ಮೈ ಶಾಖ ನೇರ ತಾಗಲಿ ಅಂತ ಆ ಜಾಗ ಹಾಗೆ ಬೋಳಾಗುತ್ತದೆ, ಕೆಲವು ಕೋಳಿ ತಾವೇ ಕಿತ್ತು ಬುಟ್ಟಿಗೆ ಹಾಸಿಕೊಳ್ಳುತ್ತವೆ. ಬುಟ್ಟಿಯ ಹುಲ್ಲಿನಲ್ಲಿ ಎದೆಯ ಮೆತ್ತನೆ ಪುಕ್ಕ ಸಿಕ್ಕಿದರೆ ಅದೂ ಒಂದು ಗುರುತು.

ಇನ್ನೊಂದು ಗುರುತು ಸ್ವರದ್ದು. ಮೊಟ್ಟೆ ಇಟ್ಟ ಕೋಳಿ ಊರಿಗೆಲ್ಲಾ ಕೇಳುವ ಹಾಗೆ ಕೂಗಿಕೊಂಡು ಹೊರಗೆ ಬರುತ್ತದೆ ಅಲ್ವಾ. ಕಾವಿನ ಕೋಳಿ ಹಾಗೆ ಕೂಗುವುದಿಲ್ಲ. ದಿನಕ್ಕೆ ಒಂದು ಸಲ ಬುಟ್ಟಿ ಬಿಟ್ಟು ಇಳಿದಾಗ ತಗ್ಗಿದ ಸ್ವರದಲ್ಲಿ ಲೊಕ್ ಲೊಕ್ ಲೊಕ್ ಅನ್ನುತ್ತಾ ಓಡಾಡುತ್ತದೆ, ಗರಿ ಉಬ್ಬಿಸಿಕೊಂಡೇ ಇರುತ್ತದೆ. ಮರಿ ಬಂದ ಮೇಲೆ ಮರಿಗಳನ್ನು ಕರೆಯುವುದೂ ಹೆಚ್ಚುಕಡಿಮೆ ಇದೇ ಸ್ವರದಲ್ಲಿ. ಇಳಿದಾಗ ಒಂದೇ ಸಲ ದೊಡ್ಡ ಹಿಕ್ಕೆ ಹಾಕುತ್ತದೆ, ನಾತ ತಡೆಯಲು ಆಗುವುದಿಲ್ಲ, ಅದನ್ನು ನೋಡಿ ಭೇದಿ ಅಂದುಕೊಳ್ಳಬೇಡಿ. ಇಡೀ ದಿನ ತಡೆದು ಇಟ್ಟುಕೊಂಡದ್ದು ಅದು. ಗಬಗಬ ಕಾಳು ತಿಂದು, ನೀರು ಕುಡಿದು, ಆದರೆ ಮಣ್ಣಲ್ಲಿ ಒಂದಿಷ್ಟು ಹೊರಳಾಡಿ, ಕಾಲು ಗಂಟೆ ಅರ್ಧ ಗಂಟೆಯೊಳಗೆ ವಾಪಸ್ ಬುಟ್ಟಿಗೆ. ಈ ಹೊತ್ತಿನಲ್ಲಿ ನೀವು ಕೊಟ್ಟಿಗೆ ಕಡೆ ಇರದಿದ್ದರೆ ಅದು ಏಳುವುದೇ ಇಲ್ಲ ಅಂತಲೇ ಕಾಣುತ್ತದೆ.

ಜುಟ್ಟು ಬಿಳಿಚುವುದು ಕಾವಿನಲ್ಲೂ ಉಂಟು, ಮೊಟ್ಟೆ ನಿಂತು ತಿನ್ನುವುದು ಕಡಿಮೆ ಆದಾಗ ಹಾಗೆ ಆಗುತ್ತದೆ. ಅದೊಂದರಿಂದಲೇ ಹೆದರಬೇಡಿ.

ಊರ ಪಶುವೈದ್ಯ, ತುಮಕೂರು

ಮೇಡಂ, ಮೇಲೆ ಅಕ್ಕ ಹೇಳಿದ್ದು ಸರಿಯಾಗಿದೆ. ನಾನು ಹುಷಾರಿಲ್ಲದ ಕೋಳಿಯ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ನಮ್ಮ ಹತ್ತಿರ ಬರುವವರು ಹೆಚ್ಚಾಗಿ ತಡ ಮಾಡಿ ಬರುತ್ತಾರೆ. ಕಾವು ಅಂದುಕೊಂಡು ಬಿಟ್ಟಿದ್ದೆವು ಸಾರ್ ಅನ್ನುತ್ತಾರೆ.

ಕಾವಿನ ಕೋಳಿಗೂ ಕಾಯಿಲೆ ಕೋಳಿಗೂ ಇರುವ ದೊಡ್ಡ ವ್ಯತ್ಯಾಸ ಅಂದರೆ ಕಾವಿನ ಕೋಳಿಗೆ ರೋಷ ಇರುತ್ತದೆ. ಕಣ್ಣು ತೆರೆದಿರುತ್ತದೆ, ಒಂದೇ ಕಡೆ ನೆಟ್ಟ ನೋಟ ಇದ್ದರೂ ನೀವು ಬಂದದ್ದು ಅದಕ್ಕೆ ಗೊತ್ತಾಗುತ್ತದೆ, ಪ್ರತಿಭಟಿಸುತ್ತದೆ. ಕಾಯಿಲೆ ಬಿದ್ದ ಕೋಳಿ ಕಣ್ಣು ಅರ್ಧ ಮುಚ್ಚಿ, ಕುತ್ತಿಗೆ ಒಳಗೆ ಎಳೆದುಕೊಂಡು ತೂಕಡಿಸುತ್ತದೆ, ಎತ್ತಿದರೂ ಸುಮ್ನೆ ಕೈಯಲ್ಲಿ ಜೋತು ಬೀಳುತ್ತದೆ. ಗುರ್ ಅನ್ನುವ ಶಕ್ತಿಯೂ ಇರುವುದಿಲ್ಲ.

ಮೊಟ್ಟೆ ಸಿಕ್ಕಿಕೊಂಡ ಕೋಳಿ ಬುಟ್ಟಿಗೆ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ನೆಮ್ಮದಿಯಾಗಿ ಕೂರುವುದಿಲ್ಲ. ತಿಣುಕುತ್ತದೆ. ಬಾಲ ಮೇಲೆ ಕೆಳಗೆ ಆಡುತ್ತಿರುತ್ತದೆ. ನಿಂತರೆ ಮೈ ನೆಟ್ಟಗೆ ಮೇಲಕ್ಕೆ ಮಾಡಿ, ಕಾಲು ಅಗಲಿಸಿ, ಬಾಲ ನೆಲದ ಕಡೆ ಇಳಿಸಿ ನಿಲ್ಲುತ್ತದೆ. ಹಿಂಬದಿ ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿ ಊದಿರುತ್ತದೆ. ಇದು ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುವ ಸಂಗತಿ. ಹಾಗಿದ್ದರೆ ಒಂದು ಬಾಂಡ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹೊಟ್ಟೆ ಮುಳುಗುವಷ್ಟು, ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ಒರೆಸಿ, ಕತ್ತಲೆ ಇರುವ ಬೆಚ್ಚನೆ ಜಾಗದಲ್ಲಿ ಬಿಡಿ, ಮೊಟ್ಟೆ ಬರದಿದ್ದರೆ ಅದೇ ದಿನ ಆಸ್ಪತ್ರೆಗೆ ತನ್ನಿ. ಹೊಟ್ಟೆ ಒತ್ತಿ ಹೊರಗೆ ತಳ್ಳುವ ಕೆಲಸ ಮಾತ್ರ ಮಾಡಬೇಡಿ, ಒಳಗೆ ಮೊಟ್ಟೆ ಒಡೆದರೆ ಕೋಳಿ ಉಳಿಯುವುದು ಕಷ್ಟ. ನೀವು ಹೇಳುವ ಕೋಳಿ ಅಲ್ಲಾಡದೆ ಕೂತಿದೆ ಅಂದಿದ್ದೀರಿ, ಆದ್ದರಿಂದ ನನಗೆ ಇದು ಅದಲ್ಲ ಅನ್ನಿಸುತ್ತದೆ. ಆದರೂ ಒಂದು ಸಲ ಎತ್ತಿ ನೆಲಕ್ಕೆ ಬಿಟ್ಟು ನೋಡಿ. ನಡಿಗೆ ಸರಿ ಇದ್ದು, ಕಾಳು ತಿಂದು, ಸಿಟ್ಟಿನಿಂದ ಬುಟ್ಟಿಗೆ ವಾಪಸ್ ಓಡಿದರೆ ಅದು ಕಾವು.

ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಉಸಿರು, ಕುತ್ತಿಗೆ ತಿರುಚುವುದು ಕಂಡರೆ ಕೊಕ್ಕರೆ ರೋಗದ ಸಂಶಯ. ಆಗ ಆ ಕೋಳಿಯನ್ನು ಮೊದಲು ಬೇರೆ ಮಾಡಿ, ಆಮೇಲೆ ನಮಗೆ ಫೋನ್ ಮಾಡಿ. ಮರಿ ಮಾಡಿಸುವ ಯೋಚನೆ ಇದೆ ಅಂದಿರಿ, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಈ ರೋಗ ಬರದ ಹಾಗೆ ಮರಿಗಳಿಗೆ ಮೊದಲ ವಾರದಲ್ಲೇ ಲಸೋಟಾ ಅನ್ನುವ ಲಸಿಕೆಯ ಹನಿ, ಎಂಟು ವಾರದ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು ಹಾಕಿಸಿ. ನಾಟಿ ಕೋಳಿಗೆ ರೋಗ ಬರುವುದಿಲ್ಲ ಅನ್ನುವ ಮಾತು ಹಳ್ಳಿಯಲ್ಲಿ ಬಹಳ ಇದೆ, ಅದು ಸುಳ್ಳು. ಕೊಕ್ಕರೆ ರೋಗ ಬಂದರೆ ಕೇರಿಯ ಕೋಳಿಯೆಲ್ಲಾ ಖಾಲಿಯಾಗುತ್ತದೆ.

ಮುದ್ದೆಬಸ್ಸಾರು, ಮಂಡ್ಯ

ಅಕ್ಕ, ನೀವು ಹೇಳಿದ ಕೋಳಿ ನಾಟಿ ಆಗಿದ್ದೇ ಒಳ್ಳೆ ಸುದ್ದಿ. ಅದೇ ಗಿರಿರಾಜ ಹಾಗೆ ಕೂತಿದ್ದರೆ ನಾನು ಮೊದಲು ಕಾಯಿಲೆ ಅಂತಲೇ ಅನುಮಾನ ಪಡುತ್ತಿದ್ದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿ ಅದು, ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವ ಗುಣ ಇಲ್ಲ. ಹೈದರಾಬಾದಿನ ವನರಾಜ, ಗ್ರಾಮಪ್ರಿಯಗಳೂ ಕಾವಿಗೆ ನಂಬುವ ತಳಿಗಳಲ್ಲ. ಕಾವಿಗೆ ಕೂತಷ್ಟು ದಿನ ಕೋಳಿ ಮೊಟ್ಟೆ ಇಡುವುದಿಲ್ಲ ನೋಡಿ, ಆದ್ದರಿಂದ ಜಾಸ್ತಿ ಮೊಟ್ಟೆ ಬೇಕು ಅಂತ ತಳಿ ಆರಿಸುತ್ತಾ ಹೋದ ಕಡೆಯೆಲ್ಲಾ ಕಾವಿನ ಗುಣ ಹೊರಟುಹೋಯಿತು. ಕಡಕ್‌ನಾಥ್ ಕೂಡ ಕಾವಿನಲ್ಲಿ ಅಷ್ಟಕ್ಕಷ್ಟೇ. ನಾಟಿ ಮತ್ತೆ ಅಸೀಲ್ ಮಾತ್ರ ಗಟ್ಟಿ ಕೂರುತ್ತವೆ. ನಾಟಿ ಹೇಂಟೆ ಒಂದು ಸುತ್ತಿಗೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುವುದು ಮಾಮೂಲು.

ಇನ್ನೊಂದು ಮಾತು. ನೀವು ಬುಟ್ಟಿಯಲ್ಲಿ ಮೊಟ್ಟೆ ಬಿಟ್ಟಿದ್ದಿರಾ? ದಿನಾ ಮೊಟ್ಟೆ ತೆಗೆಯದೆ ಬಿಟ್ಟರೆ, ಕತ್ತಲೆ ಮೂಲೆ, ಬೆಚ್ಚನೆ ಹವೆ ಎಲ್ಲಾ ಸೇರಿದರೆ ಕಾವು ಬೇಗ ಬರುತ್ತದೆ. ಮೆದುಳಿನ ಬುಡದ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಜಾಸ್ತಿ ಆದಾಗ ಮೊಟ್ಟೆ ನಿಂತು ಕಾವು ಶುರುವಾಗುತ್ತದೆ. ಅದಕ್ಕೇ ಎಷ್ಟೋ ಸಲ ಕೆಳಗೆ ಮೊಟ್ಟೆ ಇಲ್ಲದಿದ್ದರೂ ಬರೀ ಹುಲ್ಲಿನ ಮೇಲೆ, ಒಂದು ಕಲ್ಲಿನ ಮೇಲೆ ಕೂತುಬಿಡುತ್ತವೆ.

ಹಿತ್ತಿಲಮನೆ, ರಾಮನಗರ ಕಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೆ ರಾತ್ರಿ ಹೋಗಿ ನೋಡಿದೆ, ಬುಟ್ಟಿಯಲ್ಲೇ ಇತ್ತು, ಮರುರಾತ್ರಿಯೂ ಅಲ್ಲೇ. ಕೈ ಹಾಕಿದರೆ ಗುರ್ ಅಂದು ಹೆಬ್ಬೆರಳಿಗೆ ಸರಿಯಾಗಿ ಕುಕ್ಕಿತು. ಹೊಟ್ಟೆ ಕೆಳಗೆ ಗರಿ ಇಲ್ಲ, ಬಿಸಿ ಇತ್ತು. ಎತ್ತಿ ಅಂಗಳಕ್ಕೆ ಬಿಟ್ಟರೆ ಲೊಕ್ ಲೊಕ್ ಅನ್ನುತ್ತಾ ನೆಟ್ಟಗೆ ನಡೆಯಿತು, ರಾಗಿ ತಿಂದಿತು, ಬಾಲ ಆಡಿಸುವುದು ತಿಣುಕುವುದು ಏನೂ ಕಾಣಲಿಲ್ಲ, ನಾನು ನೋಡುತ್ತಿದ್ದ ಹಾಗೇ ಕೊಟ್ಟಿಗೆಗೆ ಓಡಿತು. ಅತ್ತೆ ಮಾತೇ ನಿಜ ಆಯಿತು.

ಈಗ ಮುಂದಿನ ಪ್ರಶ್ನೆ. ಫ್ರಿಜ್‌ನಲ್ಲಿ ನಮ್ಮದೇ ಕೋಳಿಗಳ ಮೊಟ್ಟೆ ಇವೆ, ಅವನ್ನು ಇಡಬಹುದಾ? ಉಳಿದ ಹೇಂಟೆಗಳು ಅದೇ ಬುಟ್ಟಿಗೆ ನುಗ್ಗಿ ಇದರ ಪಕ್ಕದಲ್ಲೇ ಮೊಟ್ಟೆ ಇಡುತ್ತಿವೆ, ಅದಕ್ಕೇನು ಮಾಡುವುದು? ಗಿರಿರಾಜದ ಮೊಟ್ಟೆಯನ್ನೂ ಇದರ ಕೆಳಗೆ ಇಡಬಹುದಾ?

ಕೊಪ್ಪದ ಅಕ್ಕ

ಫ್ರಿಜ್ ಮೊಟ್ಟೆ ಬೇಡ ತಂಗೀ, ಅಡುಗೆಗೆ ಬಳಸಿ. ಅಷ್ಟು ತಣ್ಣಗಾದ ಮೊಟ್ಟೆಯಲ್ಲಿ ಮರಿ ಆಗುವುದು ಬಹಳ ಕಡಿಮೆ, ಇಪ್ಪತ್ತೊಂದು ದಿನ ಕೋಳಿಯ ಕಷ್ಟ ದಂಡ. ಅಂಗಡಿ ಮೊಟ್ಟೆ ಅಂತೂ ಇಡಲೇಬೇಡಿ, ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಹೊಸದಾಗಿ ಇಟ್ಟ ಮೊಟ್ಟೆ ಕೂಡಿಹಾಕಿ. ಮನೆಯೊಳಗೆ ತಂಪು ಜಾಗದಲ್ಲಿ, ಚೂಪು ತುದಿ ಕೆಳಗೆ ಮಾಡಿ, ಒಂದು ಬಟ್ಟಲು ಅಕ್ಕಿ ಅಥವಾ ರಾಗಿಯೊಳಗೆ ಊರಿ ಇಡಿ. ವಾರದೊಳಗಿನ ಮೊಟ್ಟೆ ಸಾಕು, ಬೇಸಿಗೆ ಆದರೆ ಮೂರು ನಾಲ್ಕು ದಿನಕ್ಕಿಂತ ಹಳೆಯದು ಬೇಡ. ತೊಳೆಯಬೇಡಿ, ಜಾಸ್ತಿ ಗಲೀಜು ಆದ ಮೊಟ್ಟೆ ಬಿಟ್ಟುಬಿಡಿ. ಬಿರುಕು ಬಿಟ್ಟದ್ದು, ತೀರಾ ಸಣ್ಣದು, ಆಕಾರ ಕೆಟ್ಟದ್ದು ಬೇಡ.

ಮೊಟ್ಟೆ ಕೂಡುವ ತನಕ ಕೋಳಿ ಕೆಳಗೆ ಎರಡು ಮೂರು ಹಳೇ ಮೊಟ್ಟೆಯನ್ನೋ ಟೇಬಲ್ ಟೆನ್ನಿಸ್ ಚೆಂಡನ್ನೋ ಇಡಿ. ಹಾಗೆ ಮಾಡಿದರೆ ಕಾವು ಗಟ್ಟಿ ನಿಂತಿದೆಯಾ ಅಂತಲೂ ಗೊತ್ತಾಗುತ್ತದೆ. ಕೆಲವು ಕೋಳಿ, ಅದರಲ್ಲೂ ಮೊದಲ ಸಲ ಕೂರುವವು, ನಾಲ್ಕು ದಿನ ಕೂತು ಐದನೇ ದಿನ ಎದ್ದು ಹೋಗುತ್ತವೆ. ಒಳ್ಳೆ ಮೊಟ್ಟೆ ಇಟ್ಟ ಮೇಲೆ ಹಾಗೆ ಮಾಡಿದರೆ ಬೆಳೆಯಲು ಶುರುವಾದ ಮರಿಗಳೆಲ್ಲಾ ಸತ್ತುಹೋಗುತ್ತವೆ. ಅದು ನೋಡಲು ಸಂಕಟ.

ಜಾಗ ಬೇರೆ ಮಾಡಲೇಬೇಕು. ಬೇರೆ ಕೋಳಿ ಬಂದು ಇಡುತ್ತಿದ್ದರೆ ಮೊಟ್ಟೆ ಒಡೆಯುತ್ತವೆ, ಮತ್ತೆ ಒಂದೊಂದು ಒಂದೊಂದು ದಿನ ಮರಿಯಾಗಲು ಹೊರಟು ಎಲ್ಲಾ ಗೊಂದಲ. ಆದರೆ ಹಗಲು ಎತ್ತಿ ಬೇರೆ ಕಡೆ ಇಟ್ಟರೆ ಅದು ಹಳೇ ಜಾಗಕ್ಕೇ ಓಡುತ್ತದೆ. ರಾತ್ರಿ ಚೆನ್ನಾಗಿ ಕತ್ತಲಾದ ಮೇಲೆ, ದೀಪ ಹಾಕದೆ, ಅದೇ ಬುಟ್ಟಿ ಸಮೇತ ಎತ್ತಿಕೊಂಡು ಹೋಗಿ ಬಾಗಿಲು ಇರುವ ಒಂದು ಸಣ್ಣ ಕೋಣೆಗೋ ದೊಡ್ಡ ಪಂಜರದೊಳಗೋ ಇಡಿ. ಬುಟ್ಟಿ ಬದಲಾಗದಿದ್ದರೆ ಜಾಗ ಬದಲಾದದ್ದನ್ನು ಸಹಿಸಿಕೊಳ್ಳುತ್ತದೆ. ಉಳಿದವಕ್ಕೆ ಹಳೇ ಮೂಲೆಯಲ್ಲಿ ಇನ್ನೊಂದು ಬುಟ್ಟಿ. ನಿಜ ಮೊಟ್ಟೆ ಇಡುವುದೂ ರಾತ್ರಿಯೇ, ಎಲ್ಲವನ್ನೂ ಒಂದೇ ಸಲ. ಪ್ರತಿಯೊಂದಕ್ಕೂ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಿರಿ, ಹೊಸ ಮೊಟ್ಟೆ ಸೇರಿದರೆ ಗೊತ್ತಾಗುತ್ತದೆ.

ನಾಟಿ ಮೊಟ್ಟೆ ಆದರೆ ಹತ್ತು ಹನ್ನೆರಡು. ಗಿರಿರಾಜದ್ದು ದೊಡ್ಡ ಮೊಟ್ಟೆ, ಏಳೆಂಟು ಸಾಕು. ರೆಕ್ಕೆ ಅಂಚಿನಿಂದ ಒಂದು ಮೊಟ್ಟೆ ಹೊರಗೆ ಇಣುಕಿದರೂ ಜಾಸ್ತಿ ಆಯಿತು ಅಂತ ಅರ್ಥ, ಕೋಳಿ ತಿರುಗಿಸುತ್ತಾ ತಿರುಗಿಸುತ್ತಾ ಎಲ್ಲಾ ಮೊಟ್ಟೆಗೂ ಸರದಿಯಲ್ಲಿ ಚಳಿ ಹಿಡಿಯುತ್ತದೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ನಮ್ಮ ಕಡೆ ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ತುಂಡು ಇದ್ದಿಲು ಇಡುವ ರೂಢಿ ಇದೆ. ಅತ್ತೆ ಇಡು ಅಂದರೆ ಇಡಿ, ಅದರಿಂದ ತೊಂದರೆ ಇಲ್ಲ. ಆದರೆ ಹುಲ್ಲಿನ ಕೆಳಗೆ ಒಂದು ಹಿಡಿ ಬೂದಿ, ಒಂದಿಷ್ಟು ಲಕ್ಕಿ ಸೊಪ್ಪೋ ಬೇವಿನ ಸೊಪ್ಪೋ ಮರೆಯದೆ ಹಾಕಿ. ಕೋಳಿ ಹೇನಿನ ಕಾಟಕ್ಕೆ ಎದ್ದು ಹೋಗುವ ಕಾವಿನ ಕೋಳಿಗಳು ಬಹಳ.

ಮುದ್ದೆಬಸ್ಸಾರು, ಮಂಡ್ಯ

ನಾನೂ ಒಂದು ಸೇರಿಸುತ್ತೇನೆ. ಗಿರಿರಾಜ ಹೇಂಟೆಯ ಜೊತೆ ನಿಮ್ಮ ನಾಟಿ ಹುಂಜವೇ ತಾನೆ ಇರುವುದು? ಹಾಗಾದರೆ ಮರಿ ಬೆರಕೆ ಬರುತ್ತವೆ. ಸಾಕಲು ಚೆನ್ನಾಗಿರುತ್ತವೆ, ಅಪ್ಪಟ ಗಿರಿರಾಜ ಅಂತ ಮಾತ್ರ ಯಾರಿಗೂ ಮಾರಬೇಡಿ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ, ಒಳಗೆ ಕೆಂಪು ನರ ಹರಡಿದ್ದು, ನಡುವೆ ಒಂದು ಕಪ್ಪು ಚುಕ್ಕಿ ಕಂಡರೆ ಮರಿ ಇದೆ. ಬರೀ ಹಳದಿ ಬೆಳಕು ಕಂಡರೆ ಕೊಳೆಯುವ ಮೊದಲೇ ತೆಗೆದುಬಿಡಿ.

ಹಂಚಿನಮಾಡು, ಪುತ್ತೂರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು ಇದಕ್ಕೆ ಉಲ್ಟಾ ಸಮಸ್ಯೆ. ಊರುಕೋಳಿ ಒಂದಕ್ಕೆ ಕಾವು ಬಂದಿದೆ, ನಮಗೆ ಈಗ ಮರಿ ಬೇಡ, ಮಳೆಗಾಲದಲ್ಲಿ ಸಾಕಲು ಜಾಗ ಇಲ್ಲ. ನೀರಿನಲ್ಲಿ ಮುಳುಗಿಸಿ, ಮೂಗಿಗೆ ಗರಿ ಚುಚ್ಚಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ?

ಊರ ಪಶುವೈದ್ಯ, ತುಮಕೂರು

ಎರಡೂ ಬೇಡ ಸಾರ್. ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು ಶುದ್ಧ ಹಿಂಸೆ, ಗಾಯ ಕೀವಾಗುತ್ತದೆ, ಉಸಿರಾಟಕ್ಕೆ ತೊಂದರೆ. ಮಳೆಗಾಲದಲ್ಲಿ ನೀರಿಗೆ ಅದ್ದಿದ ಕೋಳಿ ಚಳಿ ಹಿಡಿದು ಸಾಯಬಹುದು. ಸುಲಭದ ದಾರಿ ಇದೆ. ತಳದಲ್ಲಿ ತಂತಿಜಾಲ ಇರುವ ಪಂಜರವನ್ನು ನಾಲ್ಕು ಇಟ್ಟಿಗೆ ಮೇಲೆ ಎತ್ತರಿಸಿ ಇಡಿ, ಹುಲ್ಲು ಏನೂ ಹಾಕಬೇಡಿ, ಹೊಟ್ಟೆಗೆ ಕೆಳಗಿಂದ ಗಾಳಿ ತಾಗಬೇಕು. ಮಳೆ ಎರಚಲು ಬೀಳದ, ಬೆಳಕು ಇರುವ ಜಾಗ ಆಗಿರಲಿ. ನೀರು, ಕಾಳು ಯಥೇಚ್ಛ ಕೊಡಿ, ಉಪವಾಸ ಕೆಡವಬೇಡಿ. ಮೂರು ನಾಲ್ಕು ದಿನದಲ್ಲಿ ಸಾಮಾನ್ಯವಾಗಿ ಕಾವು ಇಳಿಯುತ್ತದೆ. ಹೊರಗೆ ಬಿಟ್ಟಾಗ ಬುಟ್ಟಿ ಹುಡುಕದೆ ಬೇರೆ ಕೋಳಿಗಳ ಜೊತೆ ಕೆದಕಲು ಹೋದರೆ ಮುಗಿಯಿತು, ಮತ್ತೆ ಬುಟ್ಟಿಗೆ ಓಡಿದರೆ ಇನ್ನೆರಡು ದಿನ ಒಳಗೆ. ಬೇಗ ಶುರು ಮಾಡಿದಷ್ಟೂ ಬೇಗ ಇಳಿಯುತ್ತದೆ, ವಾರಗಟ್ಟಲೆ ಕೂತ ಮೇಲೆ ಕಷ್ಟ. ಏನೂ ಮಾಡದೆ, ಮೊಟ್ಟೆಯನ್ನೂ ಕೊಡದೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಸಿಗದ ಮರಿಗಾಗಿ ಕೋಳಿ ತಿಂಗಳುಗಟ್ಟಲೆ ಕೂತು ಸವೆದುಹೋಗುತ್ತದೆ.

ಕೊಪ್ಪದ ಅಕ್ಕ

ಪುತ್ತೂರಿನವರೇ, ಅಕ್ಕಪಕ್ಕದಲ್ಲಿ ಮರಿ ಬೇಕಾದವರು ಯಾರಾದರೂ ಇದ್ದರೆ ಕೋಳಿಯನ್ನು ಎರಡು ತಿಂಗಳ ಮಟ್ಟಿಗೆ ಅವರಿಗೇ ಕೊಡಿ, ಮರಿ ಅರ್ಧರ್ಧ ಹಂಚಿಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ. ಕಾವಿನ ಕೋಳಿ ಬೇಕು ಅಂದಾಗ ಸಿಗುವುದಿಲ್ಲ.

ರಾಮನಗರದ ತಂಗೀ, ನಿಮಗೆ ಇನ್ನೊಂದು ಹೇಳುವುದು ಬಿಟ್ಟುಹೋಯಿತು. ದಿನಕ್ಕೆ ಒಂದು ಸಲ ಅದು ಇಳಿಯುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ, ಇಳಿಯದ ಹಟಮಾರಿ ಕೋಳಿ ಆದರೆ ನೀವೇ ರೆಕ್ಕೆ ಅಡಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿಲ್ಲ ಅಂತ ನೋಡಿ ಎತ್ತಿ ನೀರಿನ ಮುಂದೆ ಬಿಡಿ. ಜೋಳದ ನುಚ್ಚು, ಅಕ್ಕಿ ನುಚ್ಚು ಬುಟ್ಟಿಯಿಂದ ನಾಲ್ಕು ಹೆಜ್ಜೆ ದೂರ ಇರಲಿ, ಬುಟ್ಟಿಗೆ ಅಂಟಿಸಿ ಇಟ್ಟರೆ ಅಲ್ಲೇ ಹಿಕ್ಕೆ ಹಾಕಿ ಮೊಟ್ಟೆ ಗಲೀಜಾಗುತ್ತದೆ, ಇರುವೆಯೂ ಬರುತ್ತದೆ. ಹದಿನೆಂಟನೇ ದಿನ ಆದ ಮೇಲೆ ಮೊಟ್ಟೆ ಮುಟ್ಟಬೇಡಿ. ಚಿಪ್ಪು ಒಡೆಯಲು ಶುರುವಾದ ಮೇಲೆ ಕೈಯಿಂದ ಬಿಡಿಸಲು ಹೋಗಬೇಡಿ, ಒಳಗಿನ ರಕ್ತನಾಳ ಹರಿದು ಮರಿ ಸಾಯುತ್ತದೆ. ಮೊದಲು ಬಂದ ಮರಿ ಎರಡು ದಿನ ಏನೂ ತಿನ್ನದೆ ಇರುತ್ತದೆ, ಹೊಟ್ಟೆಯಲ್ಲಿ ಹಳದಿ ಭಂಡಾರ ಉಳಿದಿರುತ್ತದೆ. ಆದ್ದರಿಂದ ಅವಸರ ಮಾಡಿ ಕೋಳಿಯನ್ನು ಎಬ್ಬಿಸಬೇಡಿ, ಉಳಿದವೂ ಬರಲಿ. ಆ ವಾರ ಕೋಣೆಯ ಬಾಗಿಲ ಕೆಳಗಿನ ಸಂದಿಗೆ ಒಂದು ಹಲಗೆ ಹೊಡೆಯಿರಿ. ಮರಿಯ ಸದ್ದು ಕೇಳಿದರೆ ಮೊದಲು ಬರುವುದು ಕೇರೆಹಾವು, ಆಮೇಲೆ ಮುಂಗುಸಿ.